ಕೂಪರ್ ಬ್ಲ್ಯಾಕ್: ದುಂಡು ಪಾದದ ದಪ್ಪ ಅಕ್ಷರ

ಕೂಪರ್ ಬ್ಲ್ಯಾಕ್ ಎಂಬ ಹೆಸರನ್ನು ಕೇಳದವರೂ ಆ ಅಕ್ಷರಗಳನ್ನು ಎಲ್ಲಾದರೂ ನೋಡಿಯೇ ಇರುತ್ತಾರೆ. ಮೈಕ್ರೋಸಾಫ್ಟ್ ಆಫೀಸ್ ಜೊತೆಗೆ ಬಹಳ ಕಾಲದಿಂದ ಬರುತ್ತಿರುವ ಇಂಗ್ಲಿಷ್ ಫಾಂಟುಗಳಲ್ಲಿ ಅದೂ ಒಂದಾದುದರಿಂದ ನಮ್ಮ ಊರುಗಳ ಡಿಟಿಪಿ ಅಂಗಡಿಗಳ ಕಂಪ್ಯೂಟರುಗಳಿಗೂ ಅದು ತಾನಾಗಿ ಬಂದು ಸೇರಿದೆ. ಬೇಕರಿ, ಐಸ್‌ಕ್ರೀಮ್ ಅಂಗಡಿ, ಮಕ್ಕಳ ಉಡುಪಿನ ಮಳಿಗೆಗಳ ಫಲಕಗಳಲ್ಲಿ, ಹುಟ್ಟುಹಬ್ಬದ ಫ್ಲೆಕ್ಸ್‌ಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೈತುಂಬಿಕೊಂಡ ಕಪ್ಪು ಗೀಟುಗಳು, ಎಲ್ಲೆಡೆ ದುಂಡಗಾದ ತುದಿಗಳು, ಒಳಗೆ ತುಸುವೇ ಬಿಳಿ. ಇಷ್ಟು ಹೇಳಿದರೆ ಹಲವರಿಗೆ ಗುರುತು ಸಿಕ್ಕೀತು. ಹಳೆಯ ಕಾಲದ ಸೊಗಸು ಬೇಕು ಎಂದು ಗಿರಾಕಿ ಹೇಳಿದ ಕೂಡಲೇ ಕೈ ಹೋಗುವ ಅಲಂಕಾರದ ಅಕ್ಷರವೆಂದೇ ಅದು ಹೆಸರಾಗಿದೆ. ಶೀರ್ಷಿಕೆ, ಆಹ್ವಾನಪತ್ರಿಕೆ, ಫಲಕಗಳಿಗೆ ಅಕ್ಷರ ಹೊಂದಿಸುವುದನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಆ ಹೆಸರು ಅದರ ಅರ್ಧ ಗುಣವನ್ನಷ್ಟೇ ಹೇಳುತ್ತದೆ ಎನಿಸುತ್ತದೆ. ಆ ದುಂಡುತನದ ಹಿಂದೆ ಅಚ್ಚುಮೊಳೆ, ಶಾಯಿ, ಕಾಗದಗಳ ಸ್ವಭಾವವನ್ನು ಬಲ್ಲ ಒಬ್ಬ ಕಸುಬುದಾರರ ಲೆಕ್ಕಾಚಾರವಿದೆ. ಅದನ್ನು ಅರಿತರೆ ಈ ಅಕ್ಷರವನ್ನು ಎಲ್ಲಿ ಬಳಸಬೇಕು, ಎಲ್ಲಿ ಕೈಬಿಡಬೇಕು ಎಂಬುದೂ ತಿಳಿಯುತ್ತದೆ.

ಆ ಕಸುಬುದಾರರೇ ಆಸ್ವಾಲ್ಡ್ ಬ್ರೂಸ್ ಕೂಪರ್. 1879ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಹುಟ್ಟಿ, ಕ್ಯಾನ್ಸಸ್ ರಾಜ್ಯದ ಕಾಫಿವಿಲ್ ಎಂಬ ಊರಿನಲ್ಲಿ ಬೆಳೆದ ಅವರು ಚಿತ್ರಕಾರರಾಗಬೇಕೆಂಬ ಆಸೆಯಿಂದ ಷಿಕಾಗೊ ನಗರಕ್ಕೆ ಬಂದು ಫ್ರ್ಯಾಂಕ್ ಹೋಮ್ ನಡೆಸುತ್ತಿದ್ದ ಚಿತ್ರಕಲಾ ಶಾಲೆಯನ್ನು ಸೇರಿದರು. ಅಲ್ಲಿ ಅಕ್ಷರ ಬರೆಯುವುದನ್ನು ಕಲಿಸುತ್ತಿದ್ದವರು ಫ್ರೆಡರಿಕ್ ಗೌಡಿ. ಮುಂದೆ ಅಮೆರಿಕದ ಅತ್ಯಂತ ಪ್ರಸಿದ್ಧ ಅಚ್ಚಕ್ಷರ ವಿನ್ಯಾಸಕಾರರಲ್ಲಿ ಒಬ್ಬರಾದ ಅದೇ ಗೌಡಿ. ಚಿತ್ರಕ್ಕಿಂತ ಅಕ್ಷರವೇ ತಮಗೆ ಒಲಿಯುತ್ತದೆ ಎಂಬುದು ಕೂಪರ್ ಅವರಿಗೆ ಆ ತರಗತಿಯಲ್ಲಿ ಮನವರಿಕೆಯಾಯಿತು. 1904ರಲ್ಲಿ ಫ್ರೆಡ್ ಬರ್ಟ್ಶ್ ಎಂಬ ಗೆಳೆಯರೊಡನೆ ಸೇರಿ 'ಬರ್ಟ್ಶ್ ಅಂಡ್ ಕೂಪರ್' ಎಂಬ ಸಂಸ್ಥೆಯನ್ನು ಕಟ್ಟಿದರು. ಜಾಹೀರಾತುಗಳಿಗೆ ವಿನ್ಯಾಸ ಮಾಡುವುದು, ಶೀರ್ಷಿಕೆಗಳನ್ನು ಕೈಯಲ್ಲೇ ಬರೆದುಕೊಡುವುದು ಅಲ್ಲಿಯ ಮುಖ್ಯ ಕೆಲಸವಾಗಿತ್ತು.

ಕೈಯಲ್ಲಿ ಬರೆದ ಆ ಶೀರ್ಷಿಕೆಗಳು ಎಷ್ಟು ಮೆಚ್ಚುಗೆ ಪಡೆದವೆಂದರೆ, ಪ್ಯಾಕಾರ್ಡ್ ಮೋಟಾರು ಕಂಪನಿಯ ಜಾಹೀರಾತುಗಳಿಗಾಗಿ ಕೂಪರ್ ಬರೆದ ಅಕ್ಷರಗಳನ್ನೇ ಆಧಾರವಾಗಿಟ್ಟುಕೊಂಡು ಅಮೆರಿಕನ್ ಟೈಪ್ ಫೌಂಡರ್ಸ್ ಎಂಬ ದೊಡ್ಡ ಕಂಪನಿ 1913ರಲ್ಲಿ 'ಪ್ಯಾಕಾರ್ಡ್' ಎಂಬ ಹೆಸರಿನ ಅಚ್ಚುಮೊಳೆಗಳನ್ನೇ ಎರಕಹೊಯ್ದು ಮಾರಿತು. ಜಾಹೀರಾತಿಗಾಗಿ ಬರೆದದ್ದು ಹೀಗೆ ಎಲ್ಲ ಮುದ್ರಕರ ಸೊತ್ತಾಗುವುದನ್ನು ಗಮನಿಸುತ್ತಿದ್ದವರು ಷಿಕಾಗೊದಲ್ಲೇ ಇದ್ದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಎರಕದ ಕಂಪನಿಯವರು. ಅವರು ಕೂಪರ್ ಅವರನ್ನು ಒಪ್ಪಿಸಿ, ಅವರ ಹೆಸರಿನಲ್ಲೇ ಒಂದು ಅಕ್ಷರ ಕುಟುಂಬವನ್ನು ಹೊರತರಲು ನಿಂತರು. ಮೊದಲು 1919ರ ಸುಮಾರಿಗೆ ಸಾಧಾರಣ ದಪ್ಪದ 'ಕೂಪರ್ ಓಲ್ಡ್ ಸ್ಟೈಲ್' ಬಂತು. 1922ರಲ್ಲಿ 'ಕೂಪರ್ ಬ್ಲ್ಯಾಕ್' ಬಂತು. ಎರಡನೆಯದು ಮೊದಲನೆಯದನ್ನು ಹಿಂದಕ್ಕೆ ತಳ್ಳಿಬಿಟ್ಟಿತು. ದೂರದೃಷ್ಟಿಯುಳ್ಳ ಮುದ್ರಕರಿಗಾಗಿ, ಹತ್ತಿರದ್ದಷ್ಟೇ ಕಾಣಿಸುವ ಕಣ್ಣಿನ ಗಿರಾಕಿಗಳನ್ನು ಹೊಂದಿರುವವರಿಗಾಗಿ ಮಾಡಿದ ಅಕ್ಷರವಿದು ಎಂಬರ್ಥದ ಕೂಪರ್ ಅವರ ಮಾತು ಈ ವೃತ್ತಿಯವರ ಬಾಯಲ್ಲಿ ಇಂದಿಗೂ ಉಳಿದಿದೆ. ದೊಡ್ಡದಾಗಿ, ಕಪ್ಪಾಗಿ, ಪುಟ ಮಗುಚುವವರ ಕಣ್ಣಿಗೆ ಬೀಳುವಂತೆ ನಿಲ್ಲುವುದೇ ಅದರ ಕೆಲಸವೆಂಬುದನ್ನು ಅವರು ಮುಚ್ಚಿಡಲಿಲ್ಲ.

ಈಗ ಅಕ್ಷರಗಳನ್ನೇ ಹತ್ತಿರದಿಂದ ನೋಡಬೇಕು. ಸೆರಿಫ್ ಎಂದರೆ ಗೀಟಿನ ತುದಿಗೆ ಅಡ್ಡಲಾಗಿ ಅಂಟಿಕೊಂಡ ಪುಟ್ಟ ಪಾದ. ಪುಸ್ತಕಗಳಲ್ಲಿ ಬಳಸುವ ಸಾಮಾನ್ಯ ಇಂಗ್ಲಿಷ್ ಅಕ್ಷರಗಳಲ್ಲಿ ಅದು ತೆಳ್ಳಗೆ, ಚಪ್ಪಟೆಯಾಗಿ, ಸಾಲಿನ ಮೇಲೆ ನೇರವಾಗಿ ಕೂರುತ್ತದೆ. ಕೂಪರ್ ಬ್ಲ್ಯಾಕ್‌ನಲ್ಲಿ ಪಾದ ಚಪ್ಪಟೆಯಲ್ಲ. ಗೀಟು ಕೆಳಗೆ ಬಂದಂತೆ ನಿಧಾನವಾಗಿ ಅಗಲವಾಗಿ, ಕೊನೆಗೆ ಒಂದು ಗುಂಡಗಿನ ಉಬ್ಬಿನಲ್ಲಿ ಮುಗಿಯುತ್ತದೆ. ಹೀಗಾಗಿ ಅಕ್ಷರಗಳಿಗೆ ನೆಲದ ಮೇಲೆ ಊರಿ ನಿಲ್ಲಲು ಚಪ್ಪಟೆ ತಳವೇ ಇಲ್ಲ. ಇಂಥ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಅಲುಗಾಡಿದಂತೆ ಕಾಣಬೇಕಿತ್ತು. ಹಾಗೆ ಕಾಣುವುದಿಲ್ಲ ಎಂಬುದೇ ಕೂಪರ್ ಅವರ ಕೈಚಳಕ. ಪ್ರತಿ ಪಾದದ ಉಬ್ಬನ್ನೂ ಅದರ ಮೇಲಿನ ಗೀಟಿನ ಭಾರಕ್ಕೆ ತಕ್ಕಂತೆ ತೂಗಿ ಬಿಡಿಸಿರುವುದರಿಂದ ಕಣ್ಣು ತಾನೇ ಒಂದು ನೇರ ರೇಖೆಯನ್ನು ಕಲ್ಪಿಸಿಕೊಳ್ಳುತ್ತದೆ. ಅಳತೆಪಟ್ಟಿ ಇಟ್ಟು ನೋಡಿದರೆ ಸಿಗದ ನೇರ ಅದು.

ಇನ್ನೊಂದು ಸೂಕ್ಷ್ಮ, ದೊಡ್ಡಕ್ಷರದ ಓ. ಅದರ ಒಳಗಿನ ಬಿಳಿ ಜಾಗ ನೆಟ್ಟಗೆ ನಿಂತಿಲ್ಲ, ಹಿಂದಕ್ಕೆ ತುಸು ವಾಲಿದೆ. ಅಗಲ ಮೂತಿಯ ಲೇಖನಿಯನ್ನು ಓರೆಯಾಗಿ ಹಿಡಿದು ಬರೆದಾಗ ದಪ್ಪ ಮತ್ತು ತೆಳು ಭಾಗಗಳು ಬೀಳುವ ರೀತಿ ಇದು. ಇಷ್ಟೊಂದು ಕಪ್ಪಿನ ನಡುವೆಯೂ ಕೈಬರಹದ ನೆನಪನ್ನು ಉಳಿಸಿಕೊಂಡಿರುವ ಜಾಗವೆಂದರೆ ಅದೇ. ಸಣ್ಣಕ್ಷರದ ಐ ಮತ್ತು ಜೆಗಳ ಮೇಲಿನ ಚುಕ್ಕಿಯೂ ಪೂರ್ಣ ವೃತ್ತವಲ್ಲ, ಮೊಟ್ಟೆಯಾಕಾರದ್ದು. ಸಣ್ಣಕ್ಷರಗಳ ಮೈಯೆತ್ತರ ಹೆಚ್ಚು. ಸಾಲಿನಿಂದ ಕೆಳಗಿಳಿಯುವ ಬಾಲಗಳು ಮಾತ್ರ ತೀರ ಗಿಡ್ಡ. ಆದ್ದರಿಂದಲೇ ಎರಡು ಸಾಲುಗಳನ್ನು ಒಂದರ ಮೇಲೊಂದು ಒತ್ತಾಗಿ ಪೇರಿಸಿ ಇಡೀ ಶೀರ್ಷಿಕೆಯನ್ನು ಒಂದು ಗಟ್ಟಿ ತುಂಡಾಗಿ ಮಾಡಲು ಸಾಧ್ಯವಾಗುತ್ತದೆ.

ದಪ್ಪ ಅಕ್ಷರಗಳನ್ನು ಕೂಪರ್ ಮೊದಲು ಮಾಡಿದವರಲ್ಲ. 19ನೆಯ ಶತಮಾನದ ಆರಂಭದಲ್ಲೇ ಲಂಡನ್ನಿನ ಎರಕದವರು ಲಾಟರಿ ಮತ್ತು ನಾಟಕಗಳ ಭಿತ್ತಿಪತ್ರಗಳಿಗಾಗಿ ಬಲು ದಪ್ಪನೆಯ ಮೊಳೆಗಳನ್ನು ತಯಾರಿಸಿದ್ದರು. ಅವುಗಳಲ್ಲಿ ದಪ್ಪ ಗೀಟು ಗೋಡೆಯಷ್ಟು ದಪ್ಪ, ತೆಳು ಗೀಟು ಕೂದಲಿನಷ್ಟು ತೆಳು. ಹೊಸ ಮೊಳೆ, ನುಣುಪು ಕಾಗದ, ಹದವಾದ ಶಾಯಿ ಇದ್ದಾಗ ಅವು ಕಣ್ಣು ಕೋರೈಸುತ್ತವೆ. ಆದರೆ ಅಚ್ಚುಮೊಳೆ ಎಂಬುದು ಸೀಸ ಬೆರೆತ ಮೆದು ಲೋಹ. ಸಾವಿರಾರು ಪ್ರತಿಗಳ ಒತ್ತಡಕ್ಕೆ ಮೊದಲು ಸವೆಯುವುದು, ಮುರಿಯುವುದು ಆ ಕೂದಲೆಳೆಯ ಗೀಟುಗಳೇ. ಒರಟು ಕಾಗದದ ಮೇಲೆ ಶಾಯಿ ಹರಡಿದಾಗ ಮೊದಲು ತುಂಬಿಹೋಗುವುದು ಒಳಗಿನ ಚೂಪು ಮೂಲೆಗಳು.

ಕೂಪರ್ ಬ್ಲ್ಯಾಕ್‌ನಲ್ಲಿ ಮುರಿಯುವಂಥದ್ದು ಏನೂ ಇಲ್ಲ. ಅದರ ತೆಳು ಗೀಟೂ ಸಾಕಷ್ಟು ದಪ್ಪವೇ. ಹರಡಿದ ಶಾಯಿ ಮೂಲೆಗಳನ್ನು ಮೊಂಡಾಗಿಸುತ್ತದೆ ಎಂದಾದರೆ, ಇಲ್ಲಿ ಮೂಲೆಗಳು ಮೊದಲೇ ಮೊಂಡಾಗಿವೆ. ಶಾಯಿ ಕೆಡಿಸಬಹುದಾದದ್ದನ್ನು ವಿನ್ಯಾಸವೇ ಮುಂಚಿತವಾಗಿ ಒಪ್ಪಿಕೊಂಡುಬಿಟ್ಟಿದೆ. ಅಗ್ಗದ ಪತ್ರಿಕಾ ಕಾಗದದ ಮೇಲೂ ಅದು ಹೆಚ್ಚುಕಡಿಮೆ ಅದೇ ಅಕ್ಷರವಾಗಿ ಉಳಿಯುವುದು ಇದರಿಂದಲೇ. ಈ ಗುಣವನ್ನು ನಾನು ಅದರ ಅಂದಕ್ಕಿಂತ ಒಂದು ಹಿಡಿ ಹೆಚ್ಚಾಗಿಯೇ ಮೆಚ್ಚುತ್ತೇನೆ. ಅಂದವೂ ಅದರಿಂದಲೇ ಹುಟ್ಟಿದ್ದಲ್ಲವೇ? ಚೆನ್ನಾಗಿ ಬಳಸಿ ಬಳಸಿ ಅಂಚು ಸವೆದ ಮರದ ಮಣೆಯ ಹಾಗೆ ಅದು ಹೊಸದಾಗಿದ್ದಾಗಲೇ ಪಳಗಿದಂತೆ ಕಾಣುತ್ತದೆ. ಹಳೆಯ ಕಾಲದ ಭಾವವನ್ನು ಅದು ಸುಲಭವಾಗಿ ತಂದುಕೊಡುವುದಕ್ಕೂ ಇದೇ ಕಾರಣವೆಂದು ನಾನು ತಿಳಿದಿದ್ದೇನೆ.

ಮಾರುಕಟ್ಟೆ ಅದನ್ನು ಬಾಚಿಕೊಂಡಿತು. ಪೈಪೋಟಿಗೆ ಬಿದ್ದ, ಅಕ್ಷರ ಜೋಡಿಸುವ ಯಂತ್ರಗಳನ್ನು ತಯಾರಿಸುತ್ತಿದ್ದ ಲ್ಯಾನ್‌ಸ್ಟನ್ ಮೊನೊಟೈಪ್ ಕಂಪನಿ ತನಗೂ ಅಂಥದ್ದೇ ಒಂದು ದಪ್ಪ ಅಕ್ಷರ ಬೇಕೆಂದು ಕೇಳಿದ್ದು ಯಾರನ್ನು? ಕೂಪರ್ ಅವರ ಗುರುಗಳಾದ ಗೌಡಿಯವರನ್ನು. 1925ರಲ್ಲಿ ಹೊರಬಂದ 'ಗೌಡಿ ಹೆವಿಫೇಸ್' ಹೀಗೆ ಶಿಷ್ಯನ ಅಕ್ಷರಕ್ಕೆ ಗುರು ಬರೆದ ಉತ್ತರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಶಿಷ್ಯನದೇ ಹೆಚ್ಚು ನಿಸ್ಸಂಕೋಚದ ಕೆಲಸವೆಂದು ನನಗೆ ಅನ್ನಿಸುತ್ತದೆ. ಗುರುವಿನ ಅಕ್ಷರ ತನ್ನ ದಪ್ಪಕ್ಕೆ ತಾನೇ ಸ್ವಲ್ಪ ಹಿಂಜರಿದಂತಿದೆ. ಬೇರೆ ಯಂತ್ರಗಳ ತಯಾರಕರೂ ತಮ್ಮ ತಮ್ಮ ಅನುಕರಣೆಗಳನ್ನು ಹೊರತಂದರು. ಕೂಪರ್ ಅವರೂ ಸುಮ್ಮನಿರದೆ ಇಟಾಲಿಕ್ ರೂಪವನ್ನು, 1925ರಲ್ಲಿ 'ಕೂಪರ್ ಹೈಲೈಟ್' ಎಂಬ ರೂಪವನ್ನು ಸೇರಿಸಿದರು. ಹೈಲೈಟ್ ಎಂದರೆ ಕಪ್ಪು ಅಕ್ಷರದ ಮೈಮೇಲೆ ಬೆಳಕು ಬಿದ್ದಂತೆ ಒಂದು ಬಿಳಿ ಗೆರೆ ಇರುವ ಅಕ್ಷರ. ಅಚ್ಚಾದ ಕೂಪರ್ ಬ್ಲ್ಯಾಕ್ ಮೇಲೆಯೇ ಬಿಳಿ ಬಣ್ಣದಿಂದ ಗೆರೆ ಎಳೆದು ಅದರ ಮೂಲಪ್ರತಿಯನ್ನು ಸಿದ್ಧಪಡಿಸಲಾಯಿತು. ಸಂಪ್ರದಾಯಸ್ಥ ಮುದ್ರಕರಿಗೆ ಇದೆಲ್ಲ ಸಹಿಸಲಿಲ್ಲ. ಪುಟಗಳನ್ನು ಕಪ್ಪಾಗಿಸುವ ಪಿಡುಗು ಎಂಬರ್ಥದಲ್ಲಿ ಅದನ್ನು ಜರೆದವರಿದ್ದರು. 1927ರಲ್ಲಿ ಜರ್ಮನಿಯಿಂದ ಫ್ಯೂಚುರಾ ಎಂಬ ಅಚ್ಚಕ್ಷರ ಬಂದು, ಪಾದವಿಲ್ಲದ ನೇರ ಗೀಟಿನ ಅಕ್ಷರಗಳೇ ಹೊಸ ಕಾಲದ ಗುರುತು ಎಂದು ಜನ ನಂಬತೊಡಗಿದ ಮೇಲೆ ಇದರ ಮೊದಲ ಭರಾಟೆ ಇಳಿಯಿತು. ಬಾರ್ನ್‌ಹಾರ್ಟ್ ಎರಕದ ಕಂಪನಿ 1930ರ ದಶಕದ ಆರಂಭದಲ್ಲಿ ಮುಚ್ಚಿತು. ಕೂಪರ್ 1940ರಲ್ಲಿ ತೀರಿಕೊಂಡರು.

ಅದು ಮತ್ತೆ ಎದ್ದುಬಂದದ್ದಕ್ಕೆ ಒಂದು ತಾಂತ್ರಿಕ ಕಾರಣವಿದೆ. ಲೋಹದ ಮೊಳೆಗೆ ಒಂದು ಮೈ ಇರುತ್ತದೆ. ಎರಡು ಮೊಳೆಗಳನ್ನು ಎಷ್ಟೇ ಒತ್ತಿ ಜೋಡಿಸಿದರೂ ಆ ಮೈಗಳ ಅಂಚಿಗಿಂತ ಹತ್ತಿರಕ್ಕೆ ಅಕ್ಷರಗಳು ಬರಲಾರವು. 1960ರ ದಶಕದಲ್ಲಿ ಫೋಟೊ ಫಿಲ್ಮಿನ ಮೇಲೆ ಅಕ್ಷರ ಜೋಡಿಸುವ ವಿಧಾನ ಬಳಕೆಗೆ ಬಂದಾಗ ಈ ಕಟ್ಟು ಹರಿಯಿತು. ಬೆಳಕಿಗೆ ಮೈಯಿಲ್ಲ, ಅಕ್ಷರಗಳನ್ನು ಒಂದಕ್ಕೊಂದು ತಾಗಿಸಬಹುದು, ಒಂದರ ಬಾಗಿನೊಳಗೆ ಇನ್ನೊಂದನ್ನು ಕೂರಿಸಬಹುದು. ಉಬ್ಬು ತಗ್ಗುಗಳಿಂದಲೇ ಆದ ಕೂಪರ್ ಬ್ಲ್ಯಾಕ್‌ಗೆ ಇದು ಹೇಳಿ ಮಾಡಿಸಿದ ಸೌಲಭ್ಯವಾಯಿತು. 1966ರಲ್ಲಿ ಬಂದ ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' ಆಲ್ಬಮ್ಮಿನ ಹೊದಿಕೆಯಲ್ಲಿ, ಮೇಲ್ಭಾಗದ ಹಸಿರು ಪಟ್ಟಿಯೊಳಗೆ ಅಕ್ಷರಗಳು ಸಂದಿಯಿಲ್ಲದಂತೆ ಒತ್ತೊತ್ತಾಗಿ ಕೂತಿರುವುದನ್ನು ನೋಡಿದರೆ ಈ ಮಾತು ಅರ್ಥವಾಗುತ್ತದೆ. ಕೂಪರ್ ಬದುಕಿದ್ದಾಗ ಅವರ ಅಕ್ಷರಗಳು ಇಷ್ಟು ಹತ್ತಿರ ಬರುವುದು ಸಾಧ್ಯವೇ ಇರಲಿಲ್ಲ. 1970ರ ದಶಕದಲ್ಲಿ ಟೀಶರ್ಟುಗಳ ಮೇಲೆ ಬಿಸಿ ಇಸ್ತ್ರಿಯಿಂದ ಅಂಟಿಸುವ ಬಿಡಿ ಅಕ್ಷರಗಳಿಗೂ ಇದೇ ವಿನ್ಯಾಸ ನೆಚ್ಚಿನದಾಯಿತು. 1995ರಲ್ಲಿ ಶುರುವಾದ ಈಸಿಜೆಟ್ ವಿಮಾನ ಕಂಪನಿ ತನ್ನ ಕಿತ್ತಳೆ ಬಣ್ಣದ ಗುರುತಿಗೆ ಇದನ್ನೇ ಆರಿಸಿಕೊಂಡಿತು. ವಿಮಾನದ ಮೈಮೇಲೆ ದೊಡ್ಡದಾಗಿ ಟಿಕೆಟ್ ಕಾಯ್ದಿರಿಸುವ ದೂರವಾಣಿ ಸಂಖ್ಯೆಯನ್ನೇ ಬರೆಸಿದ್ದ ಕಂಪನಿಗೆ ಸಂಕೋಚವಿಲ್ಲದೆ ಕೂಗಿ ಹೇಳುವ ಅಕ್ಷರವೇ ಸರಿಯಾದದ್ದು.

ಇನ್ನು ಬಳಕೆಯ ವಿಚಾರ. ಇದು ಶೀರ್ಷಿಕೆಗೆಂದೇ ಇರುವ ಅಕ್ಷರ. ಒಂದೆರಡು ಪದ, ಹೆಚ್ಚೆಂದರೆ ಎರಡು ಸಾಲು. ಅದಕ್ಕಿಂತ ಹೆಚ್ಚು ಬರೆದರೆ ಒಳಗಿನ ಬಿಳಿ ಸಾಲದೆ ಪುಟ ಕಪ್ಪು ಹೆಪ್ಪುಗಟ್ಟುತ್ತದೆ. ಎಲ್ಲವನ್ನೂ ದೊಡ್ಡಕ್ಷರದಲ್ಲೇ ಬರೆಯುವ ನಮ್ಮ ಕಡೆಯ ರೂಢಿ ಇದಕ್ಕೆ ಒಗ್ಗುವುದಿಲ್ಲ. ಇದರ ಜೀವ ಸಣ್ಣಕ್ಷರಗಳಲ್ಲಿದೆ. ಅಕ್ಷರಗಳ ನಡುವಿನ ತೆರವನ್ನು ಸಾಫ್ಟ್‌ವೇರ್ ಕೊಟ್ಟದ್ದಕ್ಕಿಂತ ತುಸು ಬಿಗಿ ಮಾಡುವುದು ಒಳ್ಳೆಯದು. ಫ್ಲೆಕ್ಸ್‌ನ ಅಗಲ ತುಂಬಲೆಂದು ಅಕ್ಷರಗಳನ್ನು ಅಡ್ಡಕ್ಕೆ ಹಿಗ್ಗಿಸುವುದನ್ನು ನಾನು ಮೇಲಿಂದ ಮೇಲೆ ಕಾಣುತ್ತೇನೆ, ಪ್ರತಿ ಸಲವೂ ನೋವಾಗುತ್ತದೆ. ಹಿಗ್ಗಿಸಿದಾಗ ಪಾದದ ಉಬ್ಬು ಚಪ್ಪಟೆಯಾಗುತ್ತದೆ, ಓ ಒಳಗಿನ ಓರೆ ಕೆಡುತ್ತದೆ, ಭಾರದ ಲೆಕ್ಕಾಚಾರವೆಲ್ಲ ಕುಸಿಯುತ್ತದೆ. ಸುತ್ತ ಹೊರಗೆರೆ, ಅದರ ಹಿಂದೆ ನೆರಳು, ನೆರಳಿಗೆ ಇನ್ನೊಂದು ಬಣ್ಣ ಎಂದು ಏರಿಸುತ್ತಾ ಹೋಗುವುದೂ ಅಷ್ಟೇ ಅನಗತ್ಯ. ಒಂದೇ ಗಾಢ ಬಣ್ಣ, ಒಂದು ತಿಳಿ ಹಿನ್ನೆಲೆ ಇದಕ್ಕೆ ಧಾರಾಳವಾಯಿತು.

ಕನ್ನಡದ ಪಕ್ಕದಲ್ಲಿ ಇದನ್ನು ಇಡಬೇಕಾದಾಗ ಬೇರೆ ಬಗೆಯ ಸಮಸ್ಯೆ ಎದುರಾಗುತ್ತದೆ. ಕನ್ನಡ ಲಿಪಿಯೇ ಗುಂಡಗಿನದು, ಆದ್ದರಿಂದ ಗುಂಡಗಿನ ಇಂಗ್ಲಿಷ್ ಅಕ್ಷರ ಸಹಜವಾಗಿ ಹೊಂದುತ್ತದೆ ಎಂದು ಮೇಲ್ನೋಟಕ್ಕೆ ಅನ್ನಿಸುವುದು ನಿಜ. ಆದರೆ ಕೂಪರ್ ಬ್ಲ್ಯಾಕ್ ಸಾಲಿನ ಮೇಲೂ ಕೆಳಗೂ ಜಾಗ ಉಳಿಸುವ ಅಕ್ಷರ. ಕನ್ನಡವೋ ಮೇಲೆ ಗುಣಿತದ ಗುರುತುಗಳಿಗೂ ಕೆಳಗೆ ಒತ್ತಕ್ಷರಗಳಿಗೂ ಧಾರಾಳವಾಗಿ ಜಾಗ ಕೇಳುತ್ತದೆ. ಎರಡು ಸಾಲುಗಳನ್ನು ಒತ್ತಿ ಪೇರಿಸುವ ಇಂಗ್ಲಿಷ್ ಶೈಲಿಯನ್ನು ಕನ್ನಡಕ್ಕೂ ಹಾಗೆಯೇ ಅನ್ವಯಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಇನ್ನೂ ಗಂಭೀರವಾದದ್ದು ಒಳಗಿನ ಬಿಳಿಯ ಪ್ರಶ್ನೆ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳನ್ನು ಬೇರ್ಪಡಿಸುವುದು ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಸೀಳು. ಅಕ್ಷರವನ್ನು ಬಹಳ ದಪ್ಪ ಮಾಡಿದಾಗ ಮೊದಲು ಮುಚ್ಚಿಹೋಗುವುದು ಆ ಸೀಳೇ. ಇಂಗ್ಲಿಷಿನಲ್ಲಿ ಒಳಬಿಳಿ ಕಿರಿದಾದರೆ ಅಕ್ಷರ ಮಬ್ಬಾಗುತ್ತದೆ. ಕನ್ನಡದಲ್ಲಿ ಅಕ್ಷರವೇ ಬೇರೆಯಾಗಿಬಿಡುತ್ತದೆ.

ಸಿರಿಧಾನ್ಯ ಮಾರುವ ಒಂದು ಅಂಗಡಿಯ ಬಟ್ಟೆಚೀಲಕ್ಕೆ ಎರಡೂ ಭಾಷೆಗಳಲ್ಲಿ ಹೆಸರು ಹೊಂದಿಸುವಾಗ ಇದು ಕಣ್ಣೆದುರಿಗೇ ಬಂತು. ಇಂಗ್ಲಿಷಿನ 'ಮಿಲೆಟ್ಸ್' ಕೂಪರ್ ಬ್ಲ್ಯಾಕ್‌ನಲ್ಲಿ ಬಲು ಚೆನ್ನಾಗಿ ಕೂತಿತು: ಎಮ್‌ನ ಮೂರು ದುಂಡು ಪಾದಗಳು, ಐ ಮೇಲಿನ ಮೊಟ್ಟೆಯಾಕಾರದ ಚುಕ್ಕಿ, ಎರಡು ಎಲ್‌ಗಳು ಜೋಡಿ ಕಂಬಗಳಂತೆ. ಅದರ ಕಪ್ಪಿಗೆ ಸರಿಸಾಟಿಯಾಗಿ ಕನ್ನಡದ 'ಸಿರಿಧಾನ್ಯ'ವನ್ನು ದಪ್ಪಗೊಳಿಸಿ ಸ್ಕ್ರೀನ್ ಪ್ರಿಂಟಿನ ಮಾದರಿ ತೆಗೆಸಿದಾಗ, ಒರಟು ಬಟ್ಟೆಯ ಮೇಲೆ ಬಣ್ಣ ಹರಡಿ ಧಾ ಎಂಬುದರ ಸೀಳು ತುಂಬಿತ್ತು, ಓದಿದರೆ 'ಸಿರಿದಾನ್ಯ' ಎಂದಿತ್ತು. ಕನ್ನಡವನ್ನು ಒಂದು ಹಂತ ತೆಳುಗೊಳಿಸಿ, ಗಾತ್ರವನ್ನು ತುಸು ದೊಡ್ಡದು ಮಾಡಿ, ಸೀಳನ್ನು ಕೈಯಾರೆ ಅಗಲಿಸಿದ ಮೇಲೆ ಸರಿಹೋಯಿತು. ಎರಡು ಲಿಪಿಗಳು ಅಳತೆಯಲ್ಲಿ ಸಮವಾಗಿರಬೇಕಿಲ್ಲ, ನೋಟಕ್ಕೆ ಸಮತೂಕವಾಗಿದ್ದರೆ ಸಾಕು ಎಂಬ ನಿಯಮವನ್ನೇ ನಾನು ಈಗ ಪಾಲಿಸುತ್ತೇನೆ. ಮುಂಬೈಯ ಏಕ್ ಟೈಪ್ ತಂಡದವರು ರೂಪಿಸಿರುವ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ 'ಬಾಲೂ ತಮ್ಮ' ಎಂಬ ಕನ್ನಡ ಫಾಂಟು ಇಂಥ ಕೆಲಸಕ್ಕೆ ನೆರವಾಗುತ್ತದೆ. ದುಂಡು ತುದಿಯ ದಪ್ಪ ಗೀಟಿದ್ದರೂ ಅದರಲ್ಲಿ ಒಳಗಿನ ಬಿಳಿಯನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಪಾದಗಳಿಲ್ಲದ ಕಾರಣ ಅದು ಕೂಪರ್ ಬ್ಲ್ಯಾಕ್‌ನ ಪ್ರತಿರೂಪವೇನೂ ಅಲ್ಲ, ಆದರೂ ಅಕ್ಕಪಕ್ಕ ನಿಂತಾಗ ಜಗಳವಾಡುವುದಿಲ್ಲ.

ಕಂಪ್ಯೂಟರಿನ ಕೂಪರ್ ಬ್ಲ್ಯಾಕ್‌ಗೆ ಒಂದು ಕೊರತೆಯಿದೆ. ಲೋಹದ ಕಾಲದಲ್ಲಿ ಪ್ರತಿ ಗಾತ್ರದ ಮೊಳೆಗೂ ಬೇರೆ ಬೇರೆ ಅಚ್ಚು ಕೆತ್ತುತ್ತಿದ್ದುದರಿಂದ ಚಿಕ್ಕ ಗಾತ್ರಕ್ಕೆ ಒಳಬಿಳಿಯನ್ನು ತುಸು ಹಿಗ್ಗಿಸುವ ಅವಕಾಶವಿತ್ತು. ಈಗ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಎಲ್ಲ ಗಾತ್ರಗಳಿಗೂ ಬಳಸುತ್ತೇವೆ. ಹೀಗಾಗಿ ಆಹ್ವಾನಪತ್ರಿಕೆಯ ಕೆಳತುದಿಯ ವಿಳಾಸದಂಥ ಪುಟ್ಟ ಸಾಲಿನಲ್ಲಿ ಅದು ಕಲೆಯಂತೆ ಕಾಣುತ್ತದೆ. 2020ರ ಹೊತ್ತಿಗೆ ಬಂದ 'ಫ್ರಾನ್ಸಸ್' ಎಂಬ ಮುಕ್ತ ಫಾಂಟು ಈ ಕೊರತೆಯನ್ನು ತುಂಬುತ್ತದೆ. ಕೂಪರ್, ವಿಂಡ್ಸರ್, ಸೂವನೀರ್ ಮುಂತಾದ ಹಳೆಯ ಮೆದು ಸೆರಿಫ್ ಅಕ್ಷರಗಳಿಂದ ಪ್ರೇರಣೆ ಪಡೆದ ಅದರಲ್ಲಿ ದಪ್ಪವನ್ನಷ್ಟೇ ಅಲ್ಲದೆ, ಅಕ್ಷರ ಯಾವ ಗಾತ್ರದಲ್ಲಿ ಕಾಣಿಸಲಿದೆ ಎಂಬುದಕ್ಕೆ ತಕ್ಕ ರೂಪವನ್ನೂ, ಅಂಚುಗಳ ಮೆದುತನವನ್ನೂ ಬೇಕಾದಂತೆ ಏರಿಳಿಸಬಹುದು. ಸದ್ಯಕ್ಕೆ ನನ್ನ ಮೇಜಿನ ಮೇಲಿನ ಕೆಲಸಗಳಲ್ಲಿ ಇಂಗ್ಲಿಷ್ ಹೆಸರಿಗೆ ಕೂಪರ್ ಬ್ಲ್ಯಾಕ್, ಅದರ ಕೆಳಗಿನ ಚಿಕ್ಕ ಸಾಲುಗಳಿಗೆ ಮೆದು ಅಂಚಿನ ಮಧ್ಯಮ ದಪ್ಪದ ಫ್ರಾನ್ಸಸ್, ಕನ್ನಡಕ್ಕೆ ಒಂದು ಹಂತ ಇಳಿಸಿದ ಬಾಲೂ ತಮ್ಮ ಎಂಬ ಏರ್ಪಾಟು ನಡೆಯುತ್ತಿದೆ. ಹತ್ತು ಪಾಯಿಂಟಿಗಿಂತ ಚಿಕ್ಕದಾದ ಯಾವುದಕ್ಕೂ ಕೂಪರ್ ಬ್ಲ್ಯಾಕ್ ಬಳಸುವುದನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ.